ಪರದೇಶದ ಕಾಲುವೆಯಲ್ಲಿ ದೋಣಿ ನಡೆಸಲು ಯಾವ ಕಾಗದ ಬೇಕು?

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡುವ ನ್ಯಾರೋಬೋಟ್ ಎಂಬ ದೋಣಿಯ ಅಗಲ ಏಳು ಅಡಿಗಿಂತ ತುಸು ಕಡಿಮೆ. ಉದ್ದ ಮಾತ್ರ ಎಪ್ಪತ್ತು ಅಡಿಯವರೆಗೂ ಹೋಗುತ್ತದೆ. ಉಕ್ಕಿನ ಮೈ, ಹದಿನೈದು ಇಪ್ಪತ್ತು ಟನ್ ತೂಕ. ಹುಟ್ಟಿದಾಗಿನಿಂದ ಹರಿಗೋಲು ಕೂಡ ಹತ್ತದವನು ಶನಿವಾರ ಮಧ್ಯಾಹ್ನ ಬಂದು, ಬಾಡಿಗೆ ಕಟ್ಟಿ, ಒಂದು ಗಂಟೆ ಪಾಠ ಕೇಳಿಸಿಕೊಂಡು ಇದನ್ನು ನಡೆಸಿಕೊಂಡು ಹೊರಟುಬಿಡಬಹುದು. ಬ್ರಿಟನ್ನಿನ ಕಾಲುವೆಯಲ್ಲಿ ವಿಹಾರಕ್ಕೆಂದು ದೋಣಿ ನಡೆಸುವವನಿಗೆ ಲೈಸೆನ್ಸ್ ಬೇಡ. ಅಲ್ಲಿ ಲೈಸೆನ್ಸ್ ಇರುವುದು ದೋಣಿಗೆ. ಕಾಲುವೆ ಬಳಸುವುದಕ್ಕೆ ಕಟ್ಟುವ ಶುಲ್ಕ ಅದು.

ಇದೇ ಮನುಷ್ಯ ಇಷ್ಟೇ ಉದ್ದದ ದೋಣಿಯೊಂದಿಗೆ ಕಡಲು ದಾಟಿ ನೆದರ್ಲೆಂಡ್ಸ್‌ಗೆ ಹೋದರೆ ಮೊದಲು ಅಳತೆ ಟೇಪು ಹೊರಬರುತ್ತದೆ: 15 ಮೀಟರ್ ಮುಟ್ಟಿತೇ? ಹಾಗಾದರೆ ಪ್ರಮಾಣಪತ್ರ ತೋರಿಸಬೇಕು. ಜರ್ಮನಿಯಲ್ಲಿ ಎಂಜಿನ್ನಿನ ಅಶ್ವಶಕ್ತಿ ಎಷ್ಟು ಎಂದು ಕೇಳುತ್ತಾರೆ. ಫ್ರಾನ್ಸಿನಲ್ಲಿ ಕೇಳುವುದೇ ಬೇರೆ: ದೋಣಿ ಬಾಡಿಗೆಯದೋ, ಸ್ವಂತದ್ದೋ?

ಇಂಗ್ಲೆಂಡಿನಲ್ಲಿ ನೆಲೆಸಿ, ಈ ಪರೀಕ್ಷೆಗಳನ್ನು ಬರೆದು, ಬೇಸಿಗೆಗಳನ್ನು ಕಾಲುವೆಯ ಮೇಲೆ ಕಳೆಯುವ ಹುಚ್ಚು ಹತ್ತಿಸಿಕೊಂಡವನು ನಾನು. "ಯುರೋಪಿನಲ್ಲಿ ದೋಣಿ ನಡೆಸಲು ಯಾವ ಲೈಸೆನ್ಸ್ ಬೇಕು?" ಎಂದು ಯಾರಾದರೂ ಕೇಳಿದರೆ ಉತ್ತರಿಸುವ ಬದಲು ನಾನೇ ನಾಲ್ಕು ಪ್ರಶ್ನೆ ಕೇಳುತ್ತೇನೆ. ಯಾವ ನೀರು? ಎಂಥ ದೋಣಿ? ದೋಣಿಯ ಹಿಂದೆ ಹಾರುವುದು ಯಾವ ದೇಶದ ಬಾವುಟ? ನಿಮ್ಮ ವಾಸ ಯಾವ ದೇಶದಲ್ಲಿ? ಏಕೆಂದರೆ ನಿಮ್ಮಿಂದ ಕಾಗದ ಕೇಳುವವರು ಮೂವರು. ನೀರು ಯಾರದೋ ಆ ದೇಶ ಒಂದು, ದೋಣಿ ನೋಂದಣಿಯಾದ ದೇಶ ಇನ್ನೊಂದು, ದೋಣಿಯ ಮಾಲೀಕ ಅಥವಾ ವಿಮೆ ಕಂಪನಿ ಮೂರನೆಯದು. ನನ್ನ ಅನುಭವದಲ್ಲಿ ಮೂರನೆಯವರೇ ಹೆಚ್ಚು ಕಟ್ಟುನಿಟ್ಟು. ಸರ್ಕಾರ ಬೇಡವೆಂದ ಪತ್ರವನ್ನೂ ಅವರು ಕೇಳಬಲ್ಲರು. ಕೊಡದಿದ್ದರೆ ಅಪಘಾತದ ದಿನ ಕೈ ಎತ್ತಿಬಿಡುತ್ತಾರೆ.

ಕಾಗದವೇ ಬೇಡದ ದಾರಿ ಮೊದಲು. ಒಂದು ವಾರದ ರಜೆಗೆ ಹೋಗುವವರಲ್ಲಿ ಹೆಚ್ಚಿನವರಿಗೆ ಇಷ್ಟೇ ಸಾಕು. ಫ್ರಾನ್ಸಿನಲ್ಲಿ ವಿಹಾರ ದೋಣಿಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳು ತಾವೇ ಪಾಠ ಹೇಳಿ 'ಕಾರ್ಟ್ ದ ಪ್ಲೆಜಾನ್ಸ್' ಎಂಬ ತಾತ್ಕಾಲಿಕ ಪತ್ರ ಕೊಡುತ್ತವೆ. ಬಾಡಿಗೆಯ ಅವಧಿ ಮುಗಿದರೆ ಪತ್ರದ ಆಯಸ್ಸೂ ಮುಗಿಯಿತು. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಅಡ್ಡಿಯಿಲ್ಲ. ಬೆಂಗಳೂರಿನಿಂದ ನೇರವಾಗಿ ಬಂದಿಳಿದ ಕುಟುಂಬವೂ ಹೀಗೆ ದೋಣಿ ಹತ್ತಬಹುದು. ದಕ್ಷಿಣದ ಕನಾಲ್ ದು ಮಿದಿಯಲ್ಲಿ ತೇಲುವ ಪ್ರವಾಸಿಗಳಲ್ಲಿ ಬಹುಪಾಲು ಜನ ಇಂಥ ಬಾಡಿಗೆ ದೋಣಿಯವರೇ. ಪಿಯೆರ್ ಪಾಲ್ ರಿಕೆ ಎಂಬಾತ 1666ರಲ್ಲಿ ಕೆಲಸ ಶುರುವಾಗಿಸಿದ ಆ 240 ಕಿಲೋಮೀಟರ್ ಕಾಲುವೆ ಅವನು ಸತ್ತ ಮರುವರ್ಷ, 1681ರಲ್ಲಿ ತೆರೆಯಿತು. ಅಲ್ಲಿನ ಲಾಕ್‌ಗಳ, ಅಂದರೆ ನೀರು ತುಂಬಿಸಿ ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿಗಳ, ಗೋಡೆ ಮೊಟ್ಟೆಯಂತೆ ಉಬ್ಬಿದೆ. ಮೊದಲು ನೇರವಾಗಿ ಕಟ್ಟಿದ ಗೋಡೆ ಮಣ್ಣಿನ ಒತ್ತಡಕ್ಕೆ ಕುಸಿದದ್ದರಿಂದ ರಿಕೆ ಕಮಾನಿನ ಬುದ್ಧಿ ಉಪಯೋಗಿಸಿದ. ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ದಡದ ಮೇಲೆ ಸೈಕಲ್ಲಿನವರು ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ.

ಈ ವಿನಾಯಿತಿಗೆ ಬೇಲಿ ಉಂಟು. ನಿಧಾನದ ಬಾಡಿಗೆ ದೋಣಿ, ಕಂಪನಿ ಹೇಳಿದಷ್ಟೇ ನೀರು. ದೊಡ್ಡ ನದಿಗೆ ಇಳಿಯಬೇಕೆಂದರೆ, ಸ್ವಂತ ದೋಣಿ ಕೊಳ್ಳಬೇಕೆಂದರೆ, ಗೆಳೆಯನ ದೋಣಿಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯಬೇಕೆಂದರೆ ಕತೆಯೇ ಬೇರೆ. ಫ್ರಾನ್ಸಿನಲ್ಲಿ 6 ಅಶ್ವಶಕ್ತಿ ಮೀರಿದ ಎಂಜಿನ್ನಿನ ಸ್ವಂತ ದೋಣಿಗೆ ಒಳನಾಡಿನ ಪರವಾನಗಿ ಬೇಕು. ಉದ್ದ 20 ಮೀಟರ್ ದಾಟಿದರೆ ಅದಕ್ಕೂ ಮೇಲಿನ ಪರವಾನಗಿ. ನೆದರ್ಲೆಂಡ್ಸ್‌ನ 'ವಾರ್‌ಬೆವೈಸ್' 15 ಮೀಟರ್ ಅಥವಾ ಹೆಚ್ಚು ಉದ್ದದ ದೋಣಿಗೆ, ಇಲ್ಲವೇ ಗಂಟೆಗೆ 20 ಕಿಲೋಮೀಟರ್ ಮೀರಿ ಓಡಬಲ್ಲ ಮೋಟಾರು ದೋಣಿಗೆ. ಅದರಲ್ಲಿ ಎರಡು ದರ್ಜೆ: ಮೊದಲನೆಯದು ನದಿ, ಕಾಲುವೆ, ಕೆರೆಗಳಿಗೆ, ಎರಡನೆಯದರಲ್ಲಿ ಐಸೆಲ್‌ಮೇರ್, ವಾಡನ್ ಸಮುದ್ರದಂಥ ವಿಶಾಲ ನೀರೂ ಸೇರುತ್ತದೆ. ನನಗೆ ವಿಚಿತ್ರವೆನಿಸಿದ್ದು, ಈ ಪರೀಕ್ಷೆ ಪೂರ್ತಿ ಕಾಗದದ ಮೇಲಿನದು. ದೋಣಿಯ ಹಗ್ಗ ಮುಟ್ಟದವನೂ ಪಾಸಾಗಬಹುದು. ಸಿನಿಮಾ ನೋಡಿ ಈಜು ಕಲಿತಂತೆ.

ಜರ್ಮನಿಯವರು ಹಾಗೆ ಬಿಡುವುದಿಲ್ಲ. ಅಲ್ಲಿನ ಪತ್ರಕ್ಕೆ 'ಸ್ಪೋರ್ಟ್‌ಬೋಟ್‌ಫ್ಯೂರರ್‌ಶೈನ್ ಬಿನ್ನೆನ್' ಎಂದು ಹೆಸರು. ತಪ್ಪಿಲ್ಲದೆ ಉಚ್ಚರಿಸಿದರೆ ಅರ್ಧ ಪಾಸಾದಂತೆ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ 15 ಅಶ್ವಶಕ್ತಿ ಮೀರಿದರೆ ಸಾಮಾನ್ಯವಾಗಿ ಇದು ಬೇಕೇ ಬೇಕು. ವಯಸ್ಸು 16 ತುಂಬಿರಬೇಕು, ಬಣ್ಣ ಗುರುತಿಸುವ ಕಣ್ಣು ಮತ್ತು ಕೇಳುವ ಕಿವಿ ಸರಿಯಿವೆ ಎಂದು ವೈದ್ಯರು ಬರೆದುಕೊಡಬೇಕು, ಆಯ್ಕೆಯ ಉತ್ತರಗಳ ಪತ್ರಿಕೆ ಬರೆಯಬೇಕು, ಕೊನೆಗೆ ದೋಣಿ ನಡೆಸಿ ತೋರಿಸಿ ಪರೀಕ್ಷಕರ ಎದುರು ಗಂಟು ಹಾಕಬೇಕು. ಪ್ರಶ್ನೆಗಳ ಪೂರ್ತಿ ಪಟ್ಟಿಯನ್ನು ಸರ್ಕಾರವೇ ಮುಂಚಿತವಾಗಿ ಪ್ರಕಟಿಸಿರುತ್ತದೆ. ಇರುವುದು ಜರ್ಮನ್ ಭಾಷೆಯಲ್ಲಿ ಎಂಬುದೇ ತೊಡಕು. ಮ್ಯೂನಿಕ್ಕಿನಲ್ಲಿರುವ ನಮ್ಮವರೊಬ್ಬರು ಕಚೇರಿಯ ಜರ್ಮನ್ ಚೆನ್ನಾಗಿ ಬಲ್ಲವರು. 'ದೋಣಿಯ ಹಿಂಭಾಗದಿಂದ ಎಳೆಯುವ ಹಗ್ಗ' ಎಂಬ ಮಾತಿಗೆ ಮಾತ್ರ ಆರು ತಿಂಗಳು ತಿಣುಕಾಡಿದರು.

ಹೀಗೆ ಒಂದೊಂದು ದೇಶಕ್ಕೆ ಒಂದೊಂದು ಕಾಗದವಾದರೆ ಗಡಿ ದಾಟುವ ದೋಣಿಯ ಗತಿ? ರೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಜೋಡಿಸುವ 171 ಕಿಲೋಮೀಟರ್ ಕಾಲುವೆ 1992ರಲ್ಲಿ ಪೂರ್ಣಗೊಂಡ ಮೇಲೆ ಉತ್ತರ ಸಮುದ್ರದಲ್ಲಿ ಹೊರಟ ದೋಣಿ ಕಪ್ಪು ಸಮುದ್ರದವರೆಗೆ ಒಳನಾಡಿನಲ್ಲೇ ಹೋಗಬಹುದು. ದಾರಿಯಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೆರಿ, ಸರ್ಬಿಯಾ, ರೊಮೇನಿಯಾ ಸಿಗುತ್ತವೆ. ಪ್ರತಿ ಗಡಿಯಲ್ಲೂ ಹೊಸ ಪರೀಕ್ಷೆ ಬರೆಯುತ್ತ ಕೂತರೆ ದೋಣಿ ತುಕ್ಕು ಹಿಡಿಯುತ್ತದೆ. ಇದಕ್ಕೆಂದು ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 1998ರಲ್ಲಿ 40ನೆಯ ನಿರ್ಣಯವನ್ನು ಅಂಗೀಕರಿಸಿತು. ವಿಹಾರ ದೋಣಿ ನಡೆಸುವವರ ಅಂತರರಾಷ್ಟ್ರೀಯ ಸಾಮರ್ಥ್ಯ ಪತ್ರಕ್ಕೆ ಈಗಿನ ರೂಪ ಬಂದದ್ದು ಹೀಗೆ. ಎಲ್ಲರೂ ಚುಟುಕಾಗಿ ಐಸಿಸಿ ಎನ್ನುತ್ತಾರೆ. ಊರಿಗೆ ಫೋನ್ ಮಾಡಿ "ಐಸಿಸಿ ಸಿಕ್ಕಿತು" ಎಂದಾಗ ನಮ್ಮ ಚಿಕ್ಕಪ್ಪ ಕ್ರಿಕೆಟ್ ಮಂಡಳಿಯಲ್ಲಿ ಕೆಲಸ ಎಂದುಕೊಂಡಿದ್ದರು.

ಹೆಸರಿನಲ್ಲಿ ಅಂತರರಾಷ್ಟ್ರೀಯ ಎಂದಿದೆಯೆಂದು ಮೋಸ ಹೋಗಬಾರದು. ನಿರ್ಣಯ ಎಂದರೆ ಒಪ್ಪಂದದಷ್ಟು ಬಿಗಿಯಲ್ಲ. ಒಪ್ಪಿಕೊಂಡ ಸರ್ಕಾರಗಳು "ನೀವು ಕೊಟ್ಟ ಪತ್ರವನ್ನು ನಾವು ಮನ್ನಿಸುತ್ತೇವೆ" ಎಂದು ಪರಸ್ಪರ ತೋರುವ ಸೌಜನ್ಯ ಅದು. ಆದ್ದರಿಂದ ಹೊರಡುವ ಮುಂಚೆ ಆಯಾ ದೇಶದ ನಿಯಮವನ್ನು ಹೊಸದಾಗಿ ನೋಡಿಕೊಳ್ಳುವುದು ತಪ್ಪುವುದಿಲ್ಲ. ಸಾಮಾನ್ಯ ಲೆಕ್ಕ ಹೀಗೆ: ಯುರೋಪಿನ ಒಳನಾಡಿನ ನೀರಿಗೂ ಮೆಡಿಟರೇನಿಯನ್ ದೇಶಗಳಿಗೂ ಐಸಿಸಿ ಬೇಕಾಗುತ್ತದೆ, ಉತ್ತರ ಯುರೋಪಿನ ಕರಾವಳಿಯಲ್ಲಿ ಅಷ್ಟಾಗಿ ಕೇಳುವುದಿಲ್ಲ. ಪತ್ರದ ಮೇಲೆ ನೀವು ನಡೆಸಬಹುದಾದ ದೋಣಿ ಮೋಟಾರಿನದೋ ಹಾಯಿಯದೋ, ಎಷ್ಟು ಉದ್ದದ್ದು, ನೀರು ಕರಾವಳಿಯದೋ ಒಳನಾಡಿನದೋ ಎಂದು ಗುರುತು ಹಾಕಿರುತ್ತಾರೆ. 'ಒಳನಾಡು' ಎಂಬ ಆ ಗುರುತು ಬೀಳದಿದ್ದರೆ ಕಡಲಿನಲ್ಲಿ ಇಪ್ಪತ್ತು ವರ್ಷ ಪಳಗಿದವನ ಪತ್ರವೂ ಫ್ರಾನ್ಸಿನ ಕಾಲುವೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನು ಅದನ್ನು ಯಾರು ಕೊಡುತ್ತಾರೆ? ಮೂಲತಃ ಒಂದು ದೇಶ ತನ್ನ ಪ್ರಜೆಗಳಿಗೂ ತನ್ನಲ್ಲಿ ವಾಸವಿರುವವರಿಗೂ ಕೊಡುವ ಪತ್ರ ಇದು. ಭಾರತ ಆ ಆಯೋಗದ ಸದಸ್ಯ ದೇಶವಲ್ಲ. ನಮ್ಮಲ್ಲಿ 2016ರ ಕಾಯಿದೆ ಕಾಳಿ, ಶರಾವತಿ, ನೇತ್ರಾವತಿ ಸೇರಿದಂತೆ 111 ರಾಷ್ಟ್ರೀಯ ಜಲಮಾರ್ಗಗಳನ್ನು ಹೆಸರಿಸಿದೆ, 2021ರಲ್ಲಿ ಒಳನಾಡು ಹಡಗುಗಳಿಗೆ ಹೊಸ ಕಾಯಿದೆಯೂ ಬಂದಿದೆ. ಆದರೂ ಭಾರತ ಸರ್ಕಾರ ಐಸಿಸಿ ಕೊಡುವುದಿಲ್ಲ. ಬ್ರಿಟನ್ನಿನಲ್ಲಿ ವಾಸವಿರುವ ಕನ್ನಡಿಗರಿಗೆ ರಾಯಲ್ ಯಾಟಿಂಗ್ ಅಸೋಸಿಯೇಷನ್ ಕೊಡುತ್ತದೆ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ತನ್ನ ನೀರಿಗೆ ಯಾವ ಪತ್ರವನ್ನೂ ಕೇಳದ ದೇಶ, ಪಕ್ಕದ ಮನೆಯವರು ಕೇಳುತ್ತಾರೆಂದು ಪರೀಕ್ಷೆ ನಡೆಸುತ್ತದೆ. ನಾನು ಪರೀಕ್ಷೆಗೆ ಹೋದ ದಿನ ಇದನ್ನು ಹೇಳಿ ನಕ್ಕೆ. ಪರೀಕ್ಷಕರು ನಗಲಿಲ್ಲ.

ಪರೀಕ್ಷೆಯ ಕೈಕೆಲಸದ ಭಾಗ ಕೇಳಲು ಮಕ್ಕಳಾಟ. ಎಂಜಿನ್ ಶುರು ಮಾಡುವ ಮುನ್ನ ತಪಾಸಣೆ, ದಡ ಬಿಡುವುದು, ಇಕ್ಕಟ್ಟಿನಲ್ಲಿ ಪೂರ್ತಿ ಸುತ್ತು ತಿರುಗಿಸುವುದು, ತೇಲುಗುಂಡಿಗೆ ಹಗ್ಗ ಕಟ್ಟುವುದು, ನೀರಿಗೆ ಬಿದ್ದವನನ್ನು ಎತ್ತುವುದು, ಮತ್ತೆ ದಡ ಸೇರುವುದು. ಮನುಷ್ಯನ ಬದಲು ಒಂದು ಬಕೆಟ್ಟನ್ನೋ ರಬ್ಬರ್ ಫೆಂಡರನ್ನೋ ಎಸೆಯುತ್ತಾರೆ. ಕಾರು ಓಡಿಸಿ ರೂಢಿಯಾದವನಿಗೆ ದಿಗಿಲು ಹುಟ್ಟಿಸುವುದು ಎರಡು ಸಂಗತಿ. ದೋಣಿಗೆ ಬ್ರೇಕ್ ಇಲ್ಲ. ಮತ್ತೆ, ದೋಣಿ ತಿರುಗುವುದು ಮೂತಿಯಿಂದಲ್ಲ, ಬಾಲದಿಂದ; ಬಲಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೆ ಚಿಮ್ಮುತ್ತದೆ. ದಡಕ್ಕೆ ಅಂಟಿಕೊಂಡು ನಿಂತ ದೋಣಿಯನ್ನು ಕಾರಿನಂತೆ ಹೊರಕ್ಕೆ ತಿರುಗಿಸಿ ಹೊರಟರೆ ಹಿಂಭಾಗ ಗೋಡೆಗೆ ಉಜ್ಜಿಕೊಂಡು ಹೋಗುತ್ತದೆ. ನಾನು ಉಜ್ಜಿದೆ.

ಹಿಮ್ಮುಖ ಚಲನೆಯಲ್ಲಿ ಇನ್ನೊಂದು ಕಸರತ್ತಿದೆ. ಒಂದೇ ಪ್ರೊಪೆಲರ್ ಇರುವ ದೋಣಿಯಲ್ಲಿ ಹಿಂದಕ್ಕೆ ಗೇರ್ ಹಾಕಿದ ತಕ್ಷಣ ಹಿಂಭಾಗ ಒಂದು ಪಕ್ಕಕ್ಕೆ ಸರಿಯುತ್ತದೆ. ಮುಂದೆ ಹೋಗುವಾಗ ಪ್ರೊಪೆಲರ್ ಬಲಕ್ಕೆ ಸುತ್ತುತ್ತಿದ್ದರೆ, ಹಿಮ್ಮುಖವಾದಾಗ ಹಿಂಭಾಗ ಎಡಕ್ಕೆ ನಡೆಯುತ್ತದೆ. ಗೊತ್ತಿಲ್ಲದವನಿಗೆ ಇದು ದೋಣಿಯ ಮೊಂಡುತನ. ಗೊತ್ತಿರುವವನು ಎಡ ಪಕ್ಕವನ್ನು ದಡಕ್ಕೆ ಓರೆಯಾಗಿ ತಂದು, ಕೊನೆಯ ಕ್ಷಣದಲ್ಲಿ ಸ್ವಲ್ಪ ಹಿಮ್ಮುಖ ಕೊಡುತ್ತಾನೆ. ದೋಣಿ ನಿಲ್ಲುವುದೂ ಹಿಂಭಾಗ ದಡಕ್ಕೆ ಬಂದು ಒರಗುವುದೂ ಒಟ್ಟಿಗೇ ಆಗುತ್ತದೆ. ಪರೀಕ್ಷಕರು ನೋಡುವುದು ಇಂಥದ್ದನ್ನೇ. ನಿಧಾನವಾಗಿ ಬರುವವನಿಗೆ ಅಂಕ, ಜೋರು ಮಾಡಿದವನಿಗೆ ಇನ್ನೊಂದು ದಿನಾಂಕ.

ಆದರೆ ಐಸಿಸಿಯ ಮೇಲೆ 'ಒಳನಾಡು' ಎಂಬ ಗುರುತು ಬೀಳಬೇಕಾದರೆ ಇನ್ನೊಂದು ಲಿಖಿತ ಪರೀಕ್ಷೆ ಇದೆ. ಅದು ಸೆವ್ನಿ, ಯುರೋಪಿನ ಒಳನಾಡು ಜಲಮಾರ್ಗಗಳ ಸಂಹಿತೆ. 1985ರಲ್ಲಿ ಅದೇ ಜಿನೀವಾ ಆಯೋಗ 24ನೆಯ ನಿರ್ಣಯವಾಗಿ ಅಂಗೀಕರಿಸಿ, ಆಮೇಲೆ ಹಲವು ಬಾರಿ ಪರಿಷ್ಕರಿಸಿದೆ. ಬ್ರಿಟನ್ನಿನಲ್ಲಿ ಇದನ್ನು ಕಂಪ್ಯೂಟರಿನ ಮುಂದೆ ಕೂತು ಬರೆಯಬಹುದು. ಅಭ್ಯರ್ಥಿಗಳು ಗೊಣಗುತ್ತ ಓದುವುದು ಇದನ್ನೇ, ನೀರಿಗಿಳಿದ ಮೇಲೆ ದಿನವೂ ಉಪಯೋಗಕ್ಕೆ ಬರುವುದೂ ಇದೇ.

ಶುರುವಾಗುವುದು ಎಡ ಬಲದಿಂದ. ತುಂಗಭದ್ರೆಯ ಎಡದಂಡೆ ಕಾಲುವೆ, ಬಲದಂಡೆ ಕಾಲುವೆ ಎಂದು ನಾವು ಹೇಳುವಾಗ ಹೊಳೆ ಹರಿಯುವ ಕಡೆ ಮುಖ ಮಾಡಿ ನಿಂತೇ ಎಣಿಸುತ್ತೇವೆ. ಸೆವ್ನಿಯದೂ ಅದೇ ಲೆಕ್ಕ. ಹಾಗೆ ನಿಂತಾಗ ದೋಣಿದಾರಿಯ ಬಲ ಅಂಚಿಗೆ ಕೆಂಪು ತೇಲುಗುರುತು, ಎಡ ಅಂಚಿಗೆ ಹಸಿರು. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಕೆಂಪು ನಿಮ್ಮ ಎಡಗಡೆ ಬರುತ್ತದೆ. ಮೊದಲ ದಿನ ಎಲ್ಲರೂ ಇಲ್ಲಿ ಎಡವುತ್ತಾರೆ.

ಫಲಕಗಳ ಬಣ್ಣಕ್ಕೆ ರಸ್ತೆಯದೇ ವ್ಯಾಕರಣ. ಕೆಂಪು ಚೌಕಟ್ಟು ಎಂದರೆ ನಿಷೇಧ, ಕಡ್ಡಾಯ ಅಥವಾ ಮಿತಿ. ನೀಲಿ ಎಂದರೆ ಮಾಹಿತಿ. ಕೆಂಪು ಚೌಕಟ್ಟಿನೊಳಗೆ ಮೇಲಿನಿಂದ ಕೆಳಕ್ಕೆ ಚಾಚಿದ ಕಪ್ಪು ತ್ರಿಕೋನ ಕಂಡರೆ ತಲೆಯ ಮೇಲಿನ ಎತ್ತರ ಕಡಿಮೆ, ಕೆಳಗಿನಿಂದ ಮೇಲಕ್ಕೆ ಚಾಚಿದ್ದರೆ ನೀರಿನ ಆಳ ಕಡಿಮೆ. ಅಕ್ಷರ ಬಾರದವನಿಗೂ ಅರ್ಥವಾಗುವ ಹಾಗೆ ಬರೆದ ಚಿತ್ರಗಳು ಇವು. ಸೇತುವೆಯ ಯಾವ ಕಮಾನಿನ ಕೆಳಗೆ ಹೋಗಬೇಕೆಂದು ಹಳದಿ ವಜ್ರಾಕೃತಿ ಹೇಳುತ್ತದೆ. ಒಂದೇ ಇದ್ದರೆ ಹೋಗಬಹುದು, ಆದರೆ ಎದುರಿನಿಂದಲೂ ದೋಣಿ ಬರಬಹುದು. ಎರಡು ಇದ್ದರೆ ಎದುರಿನವರಿಗೆ ಆ ಕಮಾನು ನಿಷಿದ್ಧ. ಕೆಂಪು-ಬಿಳಿ-ಕೆಂಪು ಪಟ್ಟೆಯ ಹಲಗೆ ಕಂಡಲ್ಲಿ ಮೂತಿ ಹಾಕಬಾರದು.

ಶಿಳ್ಳೆಗೂ ಭಾಷೆಯಿದೆ. ಒಂದು ಗಿಡ್ಡ ಕೂಗು, ನಾನು ಬಲಕ್ಕೆ ತಿರುಗುತ್ತಿದ್ದೇನೆ. ಎರಡು, ಎಡಕ್ಕೆ. ಮೂರು, ಎಂಜಿನ್ ಹಿಮ್ಮುಖ. ನಾಲ್ಕು ಕೂಗಿದರೆ ದೋಣಿ ತನ್ನ ಹತೋಟಿಯಲ್ಲಿಲ್ಲ, ದೂರ ಸರಿಯಿರಿ. ಸರಕು ಹಡಗಿನ ಮೇಲೆ ತಲೆಕೆಳಗಾದ ನೀಲಿ ಶಂಕು ಒಂದಿದ್ದರೆ ಬೆಂಕಿ ಹತ್ತುವ ಸಾಮಾನು, ಎರಡಿದ್ದರೆ ಆರೋಗ್ಯಕ್ಕೆ ಕೆಡುಕು, ಮೂರಿದ್ದರೆ ಸ್ಫೋಟಕ. ಪಕ್ಕದಲ್ಲಿ ಲಂಗರು ಹಾಕಿ ಚಹಾ ಕಾಯಿಸುವ ಯೋಚನೆ ಬಿಡುವುದು ಒಳ್ಳೆಯದು.

ಸಂಹಿತೆ ಇಷ್ಟೆಲ್ಲ ಹೇಳುವುದು ಯಾರಿಗೆ ಎಂಬುದು ರೈನ್ ನದಿಯಲ್ಲಿ ತಿಳಿಯುತ್ತದೆ. 1815ರ ವಿಯೆನ್ನಾ ಸಮಾವೇಶದಲ್ಲಿ ಹುಟ್ಟಿದ ಕೇಂದ್ರ ಆಯೋಗ ಇಂದಿಗೂ ಸ್ಟ್ರಾಸ್‌ಬರ್ಗ್‌ನಲ್ಲಿ ಕೂತು ಆ ನದಿಯ ನಿಯಮ ಬರೆಯುತ್ತದೆ. ಅಲ್ಲಿ ಓಡುವ ಸರಕು ಹಡಗುಗಳ ಉದ್ದ 110, 135 ಮೀಟರ್. 20 ಮೀಟರಿಗಿಂತ ಗಿಡ್ಡವಿದ್ದದ್ದೆಲ್ಲ ಸೆವ್ನಿಯ ಕಣ್ಣಿನಲ್ಲಿ 'ಚಿಕ್ಕ ದೋಣಿ', ಅದು ದೊಡ್ಡವರಿಗೆ ದಾರಿ ಬಿಡಬೇಕು. ದೊಡ್ಡ ಹಡಗಿನ ಮುಂದೆ ನೂರಾರು ಮೀಟರ್ ನೀರು ಅದರ ಚಾಲಕನಿಗೆ ಕಾಣುವುದೇ ಇಲ್ಲ. ಅವನ ಕೋಣೆಯ ಕಿಟಕಿ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಪ್ರವಾಹಕ್ಕೆ ಎದುರಾಗಿ ಏರುವ ಹಡಗು ಕೆಲವೊಮ್ಮೆ ತಿರುವಿನ ಒಳ ಅಂಚಿಗೆ ಸರಿದು, ತನ್ನ ಬಲ ಪಕ್ಕದಲ್ಲಿ ನೀಲಿ ಹಲಗೆಯೊಂದನ್ನು ಎತ್ತಿ ಬಿಳಿ ದೀಪ ಮಿನುಗಿಸುತ್ತದೆ. ಬಲಕ್ಕೆ ಬಲ ಕೊಟ್ಟು ಹಾಯೋಣ ಎಂದು ಅರ್ಥ. ಎಡಕ್ಕೆ ಎಡ ಎಂಬ ಸಾಮಾನ್ಯ ನಿಯಮವನ್ನು ಹಿಡಿದುಕೊಂಡು ಕೂತವನಿಗೆ ಅಲ್ಲಿ ಜಾಗ ಉಳಿದಿರುವುದಿಲ್ಲ.

ದೋಣಿಯಲ್ಲಿ ಬೇರೆ ದೋಣಿ, ಲಾಕ್‌ಗಳವರೊಡನೆ ಮಾತಾಡುವ ವಿಎಚ್‌ಎಫ್ ರೇಡಿಯೊ ಇದ್ದರೆ ಅದನ್ನು ಬಳಸುವುದಕ್ಕೆ ಬೇರೆ ಪ್ರಮಾಣಪತ್ರ. ಯುರೋಪಿನ ಒಳನಾಡಿನಲ್ಲಿ ರೇಡಿಯೊಗೆ ಏಟಿಸ್ ಎಂಬ ವ್ಯವಸ್ಥೆಯೂ ಇರಬೇಕು. ನೀವು ಮಾತು ಮುಗಿಸಿ ಗುಂಡಿ ಬಿಟ್ಟಾಗಲೆಲ್ಲ ದೋಣಿಯ ಗುರುತಿನ ಸಂಖ್ಯೆಯನ್ನು ಅದು ತಾನಾಗಿ ಕಳುಹಿಸುತ್ತದೆ. ಕಡಲಿಗೆ ಹೋದಾಗ ಅದನ್ನು ಆರಿಸಬೇಕು. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಅದರಲ್ಲಿಲ್ಲ.

ಲಾಕ್ ಬಗ್ಗೆ ಹೇಳಲೇಬೇಕು. ಇದು ಬೀಗವಲ್ಲ; ಎರಡು ತುದಿಗೂ ಬಾಗಿಲಿರುವ ತೊಟ್ಟಿ. ದೋಣಿ ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ತೂಬು ತೆರೆದು ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ಖಾಲಿ ಮಾಡಿದರೆ ಇಳಿಯುತ್ತದೆ. ಹೊರಗಿನ ದೀಪಗಳನ್ನು ಸೆವ್ನಿಯಲ್ಲಿ ಓದಿರುತ್ತೀರಿ: ಒಂದು ಕೆಂಪು, ಬರಬೇಡ, ಕೆಂಪು ಹಸಿರು ಒಟ್ಟಿಗೆ, ತಯಾರಾಗುತ್ತಿದೆ, ಹಸಿರು, ಬಾ, ಎರಡು ಕೆಂಪು, ಇಂದಿಗೆ ಮುಚ್ಚಿದೆ, ಅಡುಗೆ ಶುರು ಮಾಡಿ. ಓದದೆ ಕಲಿಯಬೇಕಾದದ್ದು ಹಗ್ಗ ಹಿಡಿಯುವ ಬಗೆ. ಇಳಿಯುವಾಗ ದಡದ ಗೂಟಕ್ಕೆ ಹಗ್ಗವನ್ನು ಬಿಗಿದು ಕಟ್ಟಿದರೆ ನೀರು ಕೆಳಗೆ ಹೋಗುತ್ತದೆ, ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ಗೂಟಕ್ಕೆ ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಇಟ್ಟುಕೊಂಡು ಇಷ್ಟಿಷ್ಟೇ ಸಡಿಲ ಬಿಡಬೇಕು. ಮೇಲಿನ ಬಾಗಿಲಿನ ಬುಡದಲ್ಲಿ ನೀರಿನೊಳಗೆ ಅಡಗಿರುವ ಕಲ್ಲಿನ ಹೊಸ್ತಿಲಿನ ಮೇಲೆ ದೋಣಿಯ ಹಿಂಭಾಗ ಕೂರದಂತೆ ನೋಡಿಕೊಳ್ಳಬೇಕು. ಕೂತರೆ ಮೂತಿ ಕೆಳಗಾಗಿ ಕೆಲವೇ ನಿಮಿಷದಲ್ಲಿ ದೋಣಿ ಮುಳುಗಿದ ಉದಾಹರಣೆಗಳಿವೆ. ರೋನ್ ನದಿಯ ಬೊಲ್ಲೆನ್ ಲಾಕ್ ಒಂದೇ ಏಟಿಗೆ ಸುಮಾರು 22 ಮೀಟರ್ ಇಳಿಸುತ್ತದೆ. ಅಲ್ಲಿ ಗೋಡೆಯೊಳಗಿನ ಗೂಟಗಳೇ ನೀರಿನ ಜೊತೆ ತೇಲುತ್ತ ಇಳಿಯುತ್ತವೆ. ತಳ ಸೇರಿದ ಮೇಲೆ ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟು.

ಎಲ್ಲ ಪತ್ರಗಳೂ ಕಡತದಲ್ಲಿ ಸೇರಿದ ಮೇಲೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಉಳಿಯುವ ಲೆಕ್ಕ ಷೆಂಗೆನ್ ವೀಸಾದ್ದು: 180 ದಿನಗಳಲ್ಲಿ 90 ದಿನ. ಬ್ರಿಟನ್ನಿನವರೇ ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಈ ಎಣಿಕೆಯ ಬಲೆಗೆ ಬಿದ್ದಿದ್ದಾರೆ. ಗಂಟೆಗೆ ಎಂಟು ಕಿಲೋಮೀಟರ್ ಓಡುವ ದೋಣಿ, ಮಧ್ಯಾಹ್ನ ಊಟಕ್ಕೆ ಮುಚ್ಚುವ ಲಾಕ್‌ಗಳು, ಮಳೆ ಬಂದರೆ ಉಬ್ಬುವ ನದಿ. ತೊಂಬತ್ತು ದಿನ ನೋಡುತ್ತಿದ್ದಂತೆ ಕರಗುತ್ತದೆ. ನನಗೆ ಗೊತ್ತಿರುವವರು ಬರ್ಗಂಡಿಯ ಯಾವುದೋ ಬಂದರಿನಲ್ಲಿ ದೋಣಿ ಕಟ್ಟಿ, ಚಳಿಗಾಲಕ್ಕೆ ಪೈಪುಗಳ ನೀರು ಬಸಿದು, ಕೀಲಿಯನ್ನು ಬಂದರಿನ ಯಜಮಾನನ ಕೈಗೆ ಕೊಟ್ಟು ವಿಮಾನ ಹತ್ತುತ್ತಾರೆ. ಮುಂದಿನ ವರ್ಷ ಮೇ ತಿಂಗಳಲ್ಲಿ ಬಂದು, ಜೇಡರ ಬಲೆ ಒರೆಸಿ, ನಿಂತಲ್ಲಿಂದ ಮುಂದುವರಿಸುತ್ತಾರೆ.